ಯಾರಿಗೂ ಬೇಡವಾದ ದೊಡ್ಡ ಮದುವೆಯನ್ನು ಎಲ್ಲರೂ ಯಾಕೆ ಮಾಡುತ್ತೇವೆ?

ಕಡೂರಿನವಳು

ಸಮಾಜಶಾಸ್ತ್ರ, ಮನಶ್ಶಾಸ್ತ್ರ ಓದಿದವರು ಇಲ್ಲಿ ಇದ್ದೀರಿ ಅಂತ ಕೇಳುತ್ತಿದ್ದೇನೆ.

ಮನೆಯಲ್ಲಿ ತಂಗಿಯ ಮದುವೆ ಮಾತುಕತೆ ನಡೆಯುತ್ತಿದೆ. ಒಬ್ಬೊಬ್ಬರನ್ನೇ ಕೇಳಿದರೆ ಎಲ್ಲರದ್ದೂ ಒಂದೇ ಮಾತು. ಅಪ್ಪನಿಗೆ ಸಾಲ ಬೇಡ. ಅಮ್ಮನಿಗೆ ಎರಡು ದಿನದ ಛತ್ರದ ಓಡಾಟ ಬೇಡ. ತಂಗಿಗೆ ಆರತಕ್ಷತೆಯಲ್ಲಿ ಗಂಟೆಗಟ್ಟಲೆ ನಿಂತು ಫೋಟೋಗೆ ನಗುವುದು ಬೇಡ. ದೊಡ್ಡಪ್ಪ ಕೂಡ "ಸುಮ್ನೆ ದುಡ್ಡು ದಂಡ" ಅಂದರು. ಆದರೆ ಎಲ್ಲರೂ ಒಟ್ಟಿಗೆ ಕೂತಾಗ ತೀರ್ಮಾನವಾಗಿದ್ದು ದೊಡ್ಡ ಛತ್ರ, ಸಾವಿರ ಎಲೆ, ಹಿಂದಿನ ಸಂಜೆ ಆರತಕ್ಷತೆ, ಮರುದಿನ ಧಾರೆ, ಆಮೇಲೆ ಬೀಗರೂಟ. ಜಗಳ ಆಗಲಿಲ್ಲ. ಯಾರೂ ಯಾರನ್ನೂ ಒತ್ತಾಯ ಮಾಡಲಿಲ್ಲ.

ಹಾಗಾದರೆ ಇದನ್ನು ತೀರ್ಮಾನ ಮಾಡಿದ್ದು ಯಾರು? "ಸಮಾಜ" ಅಂತ ಎಲ್ಲರೂ ಹೇಳುತ್ತಾರೆ. ಆ ಕೋಣೆಯಲ್ಲಿ ಇದ್ದದ್ದು ನಮ್ಮ ಮನೆಯವರು ಮಾತ್ರ. "ಗಟ್ಟಿಯಾಗಿ ನಿಲ್ಲಿ" ಅನ್ನುವ ಸಲಹೆ ದಯವಿಟ್ಟು ಬೇಡ. ಇದು ಒಳಗೊಳಗೆ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು.

ತುಮಕೂರು ಮನಶ್ಶಾಸ್ತ್ರ

ಅಕ್ಕ, ನೀವು ಹೇಳಿದ್ದು ನಮ್ಮ ವಿಷಯದಲ್ಲಿ ತುಂಬ ಹಳೆಯ, ತುಂಬ ಚೆನ್ನಾಗಿ ಗೊತ್ತಿರುವ ಸಂಗತಿ. ಪ್ಲೂರಲಿಸ್ಟಿಕ್ ಇಗ್ನೊರೆನ್ಸ್ ಅನ್ನುತ್ತಾರೆ. ಫ್ಲಾಯ್ಡ್ ಆಲ್‌ಪೋರ್ಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು 1930ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. ಒಂದು ರೂಢಿ ಒಳಗೊಳಗೆ ಯಾರಿಗೂ ಇಷ್ಟವಿರುವುದಿಲ್ಲ. ಆದರೆ ಮಿಕ್ಕವರೆಲ್ಲರಿಗೂ ಇಷ್ಟ ಇದೆ ಅಂತ ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ಮಿಕ್ಕವರ ಮನಸ್ಸು ನಮಗೆ ಕಾಣುವುದಿಲ್ಲ, ಅವರು ಮಾಡುವುದು ಮಾತ್ರ ಕಾಣುತ್ತದೆ. ಅವರೂ ನಮ್ಮ ಹಾಗೆಯೇ ಹೆದರಿಕೊಂಡು ಮಾಡುತ್ತಿರಬಹುದು ಅಂತ ನಮಗೆ ಹೊಳೆಯುವುದೇ ಇಲ್ಲ.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಸೌದಿ ಅರೇಬಿಯಾದ್ದು. 2020ರಲ್ಲಿ ಪ್ರಕಟವಾದ ಅಧ್ಯಯನ. ರಿಯಾದ್‌ನಲ್ಲಿ ಮದುವೆಯಾದ ಯುವಕರನ್ನು ಸೇರಿಸಿ, "ಹೆಂಗಸರು ಮನೆಯಿಂದ ಹೊರಗೆ ಕೆಲಸಕ್ಕೆ ಹೋಗಬಹುದಾ?" ಅಂತ ಗುಟ್ಟಾಗಿ ಕೇಳಿದರು. ಬಹುಪಾಲು ಜನ ಹೋಗಬಹುದು ಅಂದರು. ನಂತರ "ಈ ಕೋಣೆಯಲ್ಲಿ ಎಷ್ಟು ಜನ ಹಾಗೆ ಹೇಳಿರಬಹುದು?" ಅಂತ ಕೇಳಿದರು. ಅಲ್ಲಿ ಹೆಚ್ಚಿನವರು ನಿಜಕ್ಕಿಂತ ಕಡಿಮೆ ಅಂದಾಜು ಮಾಡಿದರು. ಆಮೇಲೆ ಅರ್ಧ ಜನರಿಗೆ ನಿಜವಾದ ಲೆಕ್ಕ ಹೇಳಿದರು. ಅಷ್ಟೇ. ಉಪದೇಶ ಇಲ್ಲ, ಭಾಷಣ ಇಲ್ಲ. ಕೊನೆಗೆ ಹೆಂಡತಿಗೆ ಕೆಲಸ ಹುಡುಕಿಕೊಡುವ ಸೇವೆಗೆ ಹೆಸರು ಬರೆಸುವ ಅವಕಾಶ ಇತ್ತು. ಲೆಕ್ಕ ಗೊತ್ತಿಲ್ಲದವರಲ್ಲಿ ಹೆಸರು ಬರೆಸಿದವರು ಸುಮಾರು 23%. ಲೆಕ್ಕ ಗೊತ್ತಾದವರಲ್ಲಿ ಸುಮಾರು 32%. ಕೆಲವು ತಿಂಗಳ ನಂತರ ವಿಚಾರಿಸಿದಾಗ, ಲೆಕ್ಕ ಗೊತ್ತಾದವರ ಹೆಂಡತಿಯರು ಕೆಲಸಕ್ಕೆ ಅರ್ಜಿ ಹಾಕಿದ್ದೂ ಸಂದರ್ಶನಕ್ಕೆ ಹೋಗಿದ್ದೂ ಜಾಸ್ತಿಯೇ ಇತ್ತು.

ಅವರ ಅಭಿಪ್ರಾಯವನ್ನು ಯಾರೂ ಬದಲಿಸಲಿಲ್ಲ ನೋಡಿ. ಬೇರೆಯವರ ಬಗ್ಗೆ ಇದ್ದ ಅಂದಾಜು ಸರಿಹೋಯಿತು, ನಡವಳಿಕೆ ಬದಲಾಯಿತು.

ಎರಡು ಹೆಣ್ಣುಮಕ್ಕಳ ಅಪ್ಪ

ಓದಲು ಚೆನ್ನಾಗಿದೆ. ಆದರೆ ಎಲ್ಲವೂ ನಮ್ಮ ತಲೆಯೊಳಗಿನ ತಪ್ಪು ಅಂದಾಜು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ನೆಂಟರಲ್ಲೇ ಒಬ್ಬರು ದೇವಸ್ಥಾನದಲ್ಲಿ ಸರಳವಾಗಿ ಮಗಳ ಮದುವೆ ಮಾಡಿದರು. ಹುಡುಗನ ಕಡೆಯವರು ಆಗ ತಲೆಯಾಡಿಸಿದರು. ಆಮೇಲೆ ಆ ಹುಡುಗಿ ಮಾತು ಕೇಳದ ಹಬ್ಬವಿಲ್ಲ. "ನಿಮ್ಮಪ್ಪ ಒಂದು ಒಳ್ಳೆ ಊಟ ಹಾಕಲಿಲ್ಲ." ಆ ಮಾತು ತಿನ್ನುವವಳು ಅವಳು. ಪುಸ್ತಕ ಬರೆದವರಲ್ಲ.

ನಾನು ಖರ್ಚು ಮಾಡುವುದು ಹೆದರಿ ಅಂದರೆ ಹೌದು. ಹೆದರಿಕೆಗೆ ಕಾರಣ ಇದೆ.

ಸಮಾಜಶಾಸ್ತ್ರ ಮೇಷ್ಟ್ರು

ಅಪ್ಪ ಅವರ ಮಾತಿನಲ್ಲಿ ದೊಡ್ಡ ಸತ್ಯವಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1895ರಲ್ಲಿ ಹೇಳಿದ್ದು ಇದನ್ನೇ. ರೂಢಿ ನಮ್ಮ ಹೊರಗಿರುತ್ತದೆ, ನಮ್ಮ ಮೇಲೆ ಒತ್ತಡ ಹಾಕುತ್ತದೆ. ಅದರ ಜೊತೆ ಸುಮ್ಮನೆ ನಡೆದುಕೊಂಡು ಹೋದಾಗ ಒತ್ತಡ ಗೊತ್ತೇ ಆಗುವುದಿಲ್ಲ. ಎದುರು ನಿಂತಾಗ ಗೊತ್ತಾಗುತ್ತದೆ. ನಿಮ್ಮ ನೆಂಟರ ಮಗಳಿಗೆ ಬಿದ್ದ ಮಾತು ಅದೇ.

ಇನ್ನೊಂದು ವಿಷಯ. "ನಮ್ಮ ಸಂಪ್ರದಾಯವೇ ಹೀಗೆ" ಅಂತ ಛತ್ರ ಬುಕ್ ಮಾಡುವವರು ಹೇಳುತ್ತಾರಲ್ಲ, ಇತಿಹಾಸ ಹಾಗಿಲ್ಲ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ ಬರೆದ ಪುಸ್ತಕ ಬಂದಿದ್ದು 1942ರಲ್ಲಿ. ಆ ಕಾಲದ ಹಳೇ ಮೈಸೂರಿನಲ್ಲಿ ಬ್ರಾಹ್ಮಣೇತರ ಜಾತಿಗಳಲ್ಲಿ ನಡೆಯುತ್ತಿದ್ದುದು ತೆರ. ಅಂದರೆ ಗಂಡಿನ ಕಡೆಯವರು ಹೆಣ್ಣಿನ ಅಪ್ಪನಿಗೆ ಕೊಡುವ ಹಣ. ಹೆಣ್ಣು ಹೊಲದಲ್ಲಿ ದುಡಿಯುವವಳು, ಅವಳು ಹೋದರೆ ತವರಿಗೆ ನಷ್ಟ, ಅದಕ್ಕೆ ತೆರ. ಹುಡುಗರು ಓದಿ ಸಂಬಳದ ಕೆಲಸ ಹಿಡಿಯಲು ಶುರುವಾದ ಮೇಲೆ, ಅಂಥ ಹುಡುಗರು ಕಡಿಮೆ, ಬೇಕಾದವರು ಜಾಸ್ತಿ. ಮೇಲಿನ ಜಾತಿಗಳ ರೀತಿಯನ್ನು ಅನುಸರಿಸುವ ಆಸೆಯೂ ಜೊತೆ ಸೇರಿತು. ಹಣ ಹರಿಯುವ ದಿಕ್ಕೇ ತಿರುಗಿತು. ತೆರ ಹೋಗಿ ವರದಕ್ಷಿಣೆ ಬಂತು. ಎರಡು ಮೂರು ತಲೆಮಾರಿನಲ್ಲಿ! 1961ರಲ್ಲಿ ಕಾನೂನು ಬಂದು ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವಾಯಿತು. ಆದರೂ ನಿಲ್ಲಲಿಲ್ಲ, ನಿಮಗೇ ಗೊತ್ತು.

ಅಜ್ಜಿಯ ಮದುವೆಗೆ ತೆರ ಕೊಟ್ಟ ಮನೆಯಲ್ಲೇ ಮೊಮ್ಮಗಳ ಮದುವೆಗೆ ಸಾಲ ತೆಗೆದು ಕಾರು ಕೊಡುತ್ತಾರೆ. ಇಬ್ಬರಿಗೂ ಅದು "ಮೊದಲಿನಿಂದ ಬಂದದ್ದು" ಅಂತಲೇ ಅನ್ನಿಸಿರುತ್ತದೆ. ರೂಢಿಯ ಶಕ್ತಿ ಅಂದರೆ ಇದು. ನಿನ್ನೆ ಬಂದದ್ದನ್ನೂ ಹಳೆಯದು ಅಂತ ನಂಬಿಸಿಬಿಡುತ್ತದೆ.

ಅಡುಗೆ ಕಂಟ್ರಾಕ್ಟರ್

ನಾನು ಓದಿದವನಲ್ಲ, ಮದುವೆ ಅಡುಗೆ ಮಾಡಿಸುವವನು. ಕಂಡದ್ದು ಹೇಳುತ್ತೇನೆ.

ಹೆಣ್ಣಿನ ಅಪ್ಪ ಬಂದು ಎಲೆ ಲೆಕ್ಕ ಕೊಡುತ್ತಾರೆ. ನಾನೇ "ಸ್ವಾಮಿ, ಇಷ್ಟು ಸಿಹಿ ಬೇಡ, ಒಂದು ಹೋಳಿಗೆ ಒಂದು ಪಾಯಸ ಸಾಕು, ಜನ ತಿನ್ನಲ್ಲ" ಅನ್ನುತ್ತೇನೆ. "ಬೀಗರು ಏನಂದ್ಕೋತಾರೋ" ಅಂತ ಅವರು ಒಪ್ಪುವುದಿಲ್ಲ. ಮದುವೆ ದಿನ ಗಂಡಿನ ಕಡೆ ಹಿರಿಯರು ಅಡುಗೆಮನೆಗೆ ಬಂದು "ಇಷ್ಟೊಂದು ಯಾಕೆ ಮಾಡಿಸಿದರು, ಪಾಪ" ಅಂತ ನನ್ನ ಹತ್ತಿರ ಹೇಳುತ್ತಾರೆ. ಎರಡೂ ಕಡೆಯ ಮಾತು ನನ್ನ ಕಿವಿಗೆ ಬೀಳುತ್ತದೆ. ಅವರ ಕಿವಿಗೆ ಬೀಳುವುದಿಲ್ಲ. ಅವರಿಬ್ಬರೂ ಇದನ್ನು ಬಿಟ್ಟು ಮಿಕ್ಕದ್ದೆಲ್ಲ ಮಾತಾಡಿಕೊಂಡಿರುತ್ತಾರೆ.

ಕೊನೆ ಪಂಕ್ತಿ ಎದ್ದ ಮೇಲೆ ಉಳಿದ ಅನ್ನ ನೋಡಿದರೆ ಹೊಟ್ಟೆ ಉರಿಯುತ್ತದೆ.

ತುಮಕೂರು ಮನಶ್ಶಾಸ್ತ್ರ

ಅಡುಗೆಯವರೇ, ನಾನು ಸೌದಿಯಿಂದ ತಂದು ಹೇಳಿದ್ದನ್ನು ನೀವು ದಿನಾ ಕಾಣುತ್ತಿದ್ದೀರಿ!

ಹಾಸನದ ರೈತ

ಎಲ್ಲರೂ ದುಂದುವೆಚ್ಚ ಅಂತ ಬೈಯುತ್ತಿದ್ದೀರಿ. ಹಳ್ಳಿ ಲೆಕ್ಕ ಸ್ವಲ್ಪ ಬೇರೆ. ನಮ್ಮಲ್ಲಿ ಮುಯ್ಯಿ ಪುಸ್ತಕ ಇದೆ. ಯಾರು ಎಷ್ಟು ಹಾಕಿದರು ಅಂತ ಬರೆದಿಡುತ್ತೇವೆ, ಅವರ ಮನೆ ಕಾರ್ಯಕ್ಕೆ ವಾಪಸ್ ಹಾಕುತ್ತೇವೆ, ಸ್ವಲ್ಪ ಸೇರಿಸಿ. ವರ್ಷಗಳಿಂದ ನಾನು ಊರಿನವರ ಮದುವೆಗೆಲ್ಲ ಹಾಕಿದ್ದೇನೆ. ಈಗ ನನ್ನ ಮಗಳ ಮದುವೆಗೆ ಐವತ್ತು ಜನರನ್ನು ಕರೆದರೆ ಆ ಮುಯ್ಯಿ ಬರುವುದು ಎಲ್ಲಿಂದ? ಬ್ಯಾಂಕಿನಲ್ಲಿ ಇಟ್ಟ ಹಣದ ಹಾಗೆ ಅದು. ಇನ್ನೊಂದು, ಚಪ್ಪರ ಹಾಕುವುದು, ತರಕಾರಿ ಹೆಚ್ಚುವುದು, ಬಡಿಸುವುದು, ಎಲ್ಲ ಊರಿನವರೇ ಮಾಡುತ್ತಿದ್ದರು. ಕರೆಯದಿದ್ದರೆ "ನಾವು ಬೇಡವಾದೆವಾ?" ಅಂತ ಕೇಳುತ್ತಾರೆ. ಅದು ಬರೀ ಬಿಗುಮಾನ ಅಲ್ಲ. ನಾಳೆ ಮನೆಯಲ್ಲಿ ಸಾವಾದರೆ ಹೆಗಲು ಕೊಡುವವರು ಅವರೇ.

ಸಮಾಜಶಾಸ್ತ್ರ ಮೇಷ್ಟ್ರು

ಈ ಚರ್ಚೆಗೆ ಬೇಕಾಗಿದ್ದ ಮಾತು ಇದು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ ಅನ್ನುವವರು 1925ರಲ್ಲಿ ಉಡುಗೊರೆಯ ಬಗ್ಗೆ ಬರೆದರು. ಕೊಡಬೇಕು, ಬೇಡ ಅನ್ನದೆ ತೆಗೆದುಕೊಳ್ಳಬೇಕು, ವಾಪಸ್ ಕೊಡಬೇಕು. ಈ ಮೂರರಿಂದಲೇ ಜನರ ನಡುವೆ ನಂಟು ನಿಲ್ಲುತ್ತದೆ ಅಂತ. ಮುಯ್ಯಿ ಅದೇ. ಬಡವನ ಮನೆಗೆ ಬೇಕಾದ ಹೊತ್ತಿಗೆ ಬಡ್ಡಿ ಇಲ್ಲದೆ ಹಣ ಬರುವ ದಾರಿಯಾಗಿತ್ತು.

ಆದ್ದರಿಂದ ನಾನು ಎರಡನ್ನು ಬೇರೆ ಮಾಡಿ ನೋಡುತ್ತೇನೆ. ಊರನ್ನು ಕರೆದು ಊಟ ಹಾಕುವುದು ಒಂದು. ಅಂತಸ್ತು ತೋರಿಸುವುದು ಇನ್ನೊಂದು. ಹಿಂದೆ ಅನ್ನ, ಸಾರು, ಪಾಯಸಕ್ಕೆ ಇಡೀ ಊರು ಬರುತ್ತಿತ್ತು, ಊರೇ ಕೆಲಸ ಮಾಡುತ್ತಿತ್ತು, ಮುಯ್ಯಿಯಿಂದ ಖರ್ಚಿನ ಒಂದು ಭಾಗ ತುಂಬುತ್ತಿತ್ತು. ಈಗ ವೇದಿಕೆಯ ಹೂವಿನ ಅಲಂಕಾರ, ಡ್ರೋನ್ ಕ್ಯಾಮೆರಾ, ಬಾಡಿಗೆ ಬಡಿಸುವವರು. ಇದರಲ್ಲಿ ಮುಯ್ಯಿಯ ತರ್ಕ ಇಲ್ಲ.

ಅಂತಸ್ತಿನ ಬಗ್ಗೆ ನಮ್ಮ ರಾಜ್ಯದ್ದೇ ಒಂದು ಒಳ್ಳೆಯ ಅಧ್ಯಯನ ಇದೆ. ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ದಕ್ಷಿಣ ಕರ್ನಾಟಕದ ಹಳ್ಳಿಗಳ ಕುಂಬಾರ ಕುಟುಂಬಗಳ ನಡುವೆ ಕೆಲಸ ಮಾಡಿದರು. ಇನ್ನಿಬ್ಬರ ಜೊತೆ ಸೇರಿ ಬರೆದ ಪ್ರಬಂಧ 2004ರಲ್ಲಿ ಬಂತು. ಅದರ ತಿರುಳು ಇದು. ಗಂಡು ಅದೇ ಊರಿನವನಾದರೆ ಅವನ ಮನೆತನ ಎಲ್ಲರಿಗೂ ಗೊತ್ತು, ತೋರಿಸುವುದು ಏನೂ ಇಲ್ಲ. ಹೊರ ಊರಿನ ಅನುಕೂಲಸ್ಥರ ಮನೆಗೆ ಹೆಣ್ಣು ಕೊಟ್ಟಾಗ ಊರಿಗೆ ಅದು ತಿಳಿಯುವುದು ಹೇಗೆ? ಮದುವೆಯ ಸಂಭ್ರಮದಿಂದ. ಆಗ ಖರ್ಚು ಏರುತ್ತದೆ. ಅಂದರೆ ಈ ಜನ ಬುದ್ಧಿಯಿಲ್ಲದೆ ಖರ್ಚು ಮಾಡುತ್ತಿಲ್ಲ. ಖರ್ಚಿನ ಮೂಲಕ ಊರಿಗೆ ಒಂದು ಸುದ್ದಿ ಮುಟ್ಟಿಸುತ್ತಿದ್ದಾರೆ. ಬಡವರನ್ನು "ಸಾಲ ಮಾಡಿ ಮದುವೆ ಮಾಡುವ ದಡ್ಡರು" ಅಂತ ಬೈಯುವವರು ಇದನ್ನು ತಿಳಿಯಬೇಕು.

ರಾತ್ರಿ ಪಾಳಿ

2020 ನೆನಪಿದೆಯಾ? ಲಾಕ್‌ಡೌನ್ ಸಮಯದಲ್ಲಿ ಮದುವೆಗೆ 50 ಜನ ಮಾತ್ರ ಅಂತ ಸರ್ಕಾರದ ಆದೇಶ. ನಮ್ಮ ಬೀದಿಯಲ್ಲಿ ಮನೆ ಮುಂದೆ ಚಪ್ಪರ ಹಾಕಿ ಮದುವೆ ಆದವು. ಯಾರೂ ಕೆಟ್ಟದು ಮಾತಾಡಲಿಲ್ಲ. ಎಷ್ಟೋ ಅಪ್ಪಂದಿರು "ಅಬ್ಬಾ, ಬಚಾವಾದೆ" ಅಂದರು. ಆದರೆ ನಿರ್ಬಂಧ ತೆಗೆದ ಕೂಡಲೇ ಛತ್ರಗಳು ಮತ್ತೆ ತುಂಬಿದವು. ಎಲ್ಲರಿಗೂ ಇಷ್ಟವಾಗಿತ್ತು ಅಂದರೆ ಯಾಕೆ ಉಳಿಯಲಿಲ್ಲ? ಕೆಲವರಿಗೆ ನಿಜವಾಗಿಯೂ ದೊಡ್ಡ ಮದುವೆ ಬೇಕು ಅಂತ ತಾನೇ ಅರ್ಥ?

ತುಮಕೂರು ಮನಶ್ಶಾಸ್ತ್ರ

ಬೇಕಾದವರು ಇದ್ದಾರೆ, ಖಂಡಿತ. ಆದರೆ ಉಳಿಯದೆ ಹೋದದ್ದಕ್ಕೆ ಇನ್ನೊಂದು ಕಾರಣ ಕಾಣುತ್ತದೆ. ಮೇಷ್ಟ್ರು ಹೇಳಿದ ಸುದ್ದಿ ಮುಟ್ಟಿಸುವ ವಿಷಯದ ಜೊತೆ ಸೇರಿಸಿ ನೋಡಿ. ಆದೇಶ ಇದ್ದಾಗ ಸಣ್ಣ ಮದುವೆ ಆ ಮನೆಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಜಿಪುಣರೋ, ಸಾಲಗಾರರೋ, ಹುಡುಗಿಯಲ್ಲಿ ಏನಾದರೂ ದೋಷವೋ ಅಂತ ಯಾರೂ ಊಹಿಸಲು ಆಗುತ್ತಿರಲಿಲ್ಲ. ಕಾರಣ ಸರ್ಕಾರದ್ದು. ಆದೇಶ ಹೋದ ಕೂಡಲೇ ಸಣ್ಣ ಮದುವೆ ಮತ್ತೆ "ಯಾಕೆ?" ಅನ್ನುವ ಪ್ರಶ್ನೆಯಾಯಿತು. ಜೊತೆಗೆ, ನೆಮ್ಮದಿಯಾಯಿತು ಅಂತ ಎಲ್ಲರೂ ಮನೆಯೊಳಗೆ ಹೇಳಿಕೊಂಡರು. ಹೊರಗೆ "ಕೊರೊನಾ, ಏನು ಮಾಡೋದು, ಆಸೆ ಇತ್ತು ಆಗಲಿಲ್ಲ" ಅಂದರು. ಹಾಗಾಗಿ ಪಕ್ಕದವರಿಗೂ ಅದು ಇಷ್ಟವಾಗಿತ್ತು ಅಂತ ಯಾರಿಗೂ ಗೊತ್ತೇ ಆಗಲಿಲ್ಲ.

ತೀರ್ಥಹಳ್ಳಿ ಹುಡುಗ

ಮಂತ್ರ ಮಾಂಗಲ್ಯದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಕುವೆಂಪು ಅವರು ಪುರೋಹಿತರಿಲ್ಲದೆ, ಮುಹೂರ್ತ ನೋಡದೆ, ವರದಕ್ಷಿಣೆ ಇಲ್ಲದೆ ಮದುವೆಯಾಗುವ ಸರಳ ವಿಧಿ ಮಾಡಿಕೊಟ್ಟರು. 1966ರಲ್ಲಿ ಮಗ ತೇಜಸ್ವಿಯವರ ಮದುವೆ ಹಾಗೆಯೇ ಆಯಿತು. ಮುಂದೆ ರೈತ ಸಂಘದವರು ಸರಳ ಮದುವೆಗಳನ್ನು ಮಾಡಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ದಾರಿಗಳಂತೂ ಇವೆ. ಆದರೂ ನನ್ನ ಜೊತೆ ಓದಿದವರಲ್ಲಿ ಹೆಚ್ಚಿನವರು ಮಂತ್ರ ಮಾಂಗಲ್ಯದ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಾರೆ, ಮದುವೆ ಮಾತ್ರ ಛತ್ರದಲ್ಲೇ. ಇದು ನನಗೆ ನಿಜವಾಗಿಯೂ ಬೇಸರದ ವಿಷಯ.

ಸಮಾಜಶಾಸ್ತ್ರ ಮೇಷ್ಟ್ರು

ಒಂದು ಕಾರಣ ಹೀಗಿರಬಹುದು. ಸರಳ ಮದುವೆ ಮಾಡಿಕೊಂಡವರನ್ನು ಜನ "ಅವರು ಸಾಹಿತಿಗಳು", "ಅವರು ಚಳವಳಿಯವರು" ಅಂತ ಬೇರೆ ಇಟ್ಟುಬಿಟ್ಟರು. ಸಾಮೂಹಿಕ ವಿವಾಹವನ್ನು "ಬಡವರಿಗೆ" ಅಂತ ಬೇರೆ ಇಟ್ಟರು. ಗೌರವ ಕೊಟ್ಟರು, ಆದರೆ "ನಮ್ಮಂಥವರು" ಅಂದುಕೊಳ್ಳಲಿಲ್ಲ. ನಾವು ಅನುಸರಿಸುವುದು ದೂರದ ದೊಡ್ಡವರನ್ನಲ್ಲ. ಹೆಣ್ಣು ಕೊಟ್ಟು ತರುವ ಮನೆಗಳನ್ನು ನೋಡಿ ನಡೆಯುತ್ತೇವೆ. ರೈತ ಸಂಘದ ಮದುವೆಗಳಿಗೆ ಒಂದಷ್ಟು ಬಲ ಬಂದದ್ದು ಅದಕ್ಕೇ. ಅಲ್ಲಿ ಹಸಿರು ಶಾಲು ಹೊದ್ದವರು ನೂರಾರು ಜನ, ಒಬ್ಬರಿಗೊಬ್ಬರು ಸಾಕ್ಷಿ.

ಎರಡು ಹೆಣ್ಣುಮಕ್ಕಳ ಅಪ್ಪ

ಹಾಗಾದರೆ ದಾರಿ ಏನು ಸಾರ್? ನಾನೊಬ್ಬನೇ ನಿಂತರೆ ಮಗಳು ಮಾತು ಕೇಳಬೇಕು. ಎಲ್ಲರೂ ಬದಲಾಗಲಿ ಅಂತ ಕಾದರೆ ಅಷ್ಟರಲ್ಲಿ ಎರಡೂ ಮದುವೆ ಮುಗಿದಿರುತ್ತದೆ.

ಸಮಾಜಶಾಸ್ತ್ರ ಮೇಷ್ಟ್ರು

ನಿಮ್ಮ ಪ್ರಶ್ನೆಯನ್ನು ಚೀನಾದ ಅಪ್ಪಂದಿರು ನೂರು ವರ್ಷದ ಹಿಂದೆ ಕೇಳಿದ್ದರು. ಅಲ್ಲಿ ಹೆಣ್ಣುಮಕ್ಕಳ ಕಾಲು ಕಟ್ಟುವ ಪದ್ಧತಿ ಇತ್ತು. ಚಿಕ್ಕ ವಯಸ್ಸಿನಲ್ಲೇ ಬೆರಳು ಮಡಚಿ, ಬಟ್ಟೆಯಿಂದ ಬಿಗಿದು, ಮೂಳೆ ಮುರಿದು ಕಾಲನ್ನು ಚಿಕ್ಕದು ಮಾಡುತ್ತಿದ್ದರು. ಮಗಳ ನೋವು ನೋಡಿ ಅತ್ತ ತಾಯಂದಿರೇ ಕಟ್ಟುತ್ತಿದ್ದರು. ಕಟ್ಟದಿದ್ದರೆ ಅವಳಿಗೆ ಗಂಡು ಸಿಗುವುದಿಲ್ಲ. ನೂರಾರು ವರ್ಷ ನಡೆಯಿತು. ಅರಸರ ನಿಷೇಧದಿಂದಲೂ ನಿಲ್ಲಲಿಲ್ಲ.

ಆಮೇಲೆ ಬಲು ಬೇಗ ನಿಂತಿತು. ಉತ್ತರ ಚೀನಾದ ಡಿಂಗ್‌ಶಿಯಾನ್ ಅನ್ನುವ ಜಿಲ್ಲೆಯ ಸಮೀಕ್ಷೆ ಸಿಗುತ್ತದೆ. 1890ಕ್ಕೆ ಮೊದಲು ಹುಟ್ಟಿದ ಹೆಂಗಸರಲ್ಲಿ ಸುಮಾರು 99% ಜನರ ಕಾಲು ಕಟ್ಟಲಾಗಿತ್ತು. 1919ರ ನಂತರ ಹುಟ್ಟಿದವರಲ್ಲಿ ಒಬ್ಬರದ್ದೂ ಇಲ್ಲ. ಒಂದು ತಲೆಮಾರು!

ಇದನ್ನು ಅಧ್ಯಯನ ಮಾಡಿದ ಜೆರಿ ಮ್ಯಾಕಿ 1996ರಲ್ಲಿ ಕೊಟ್ಟ ವಿವರಣೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಹೊರಗಿನ ಪ್ರಚಾರ, ಓದು ಎಲ್ಲವೂ ಸಹಾಯ ಮಾಡಿದವು. ಆದರೆ ಗಂಟು ಬಿಚ್ಚಿದ್ದು ಪ್ರತಿಜ್ಞೆಯ ಸಂಘಗಳು. ಪೋಷಕರು ಸೇರಿ ಎರಡು ಮಾತು ಕೊಡುತ್ತಿದ್ದರು. ನಮ್ಮ ಹೆಣ್ಣುಮಕ್ಕಳ ಕಾಲು ಕಟ್ಟುವುದಿಲ್ಲ. ನಮ್ಮ ಗಂಡುಮಕ್ಕಳಿಗೆ ಕಾಲು ಕಟ್ಟಿದ ಹೆಣ್ಣು ತರುವುದಿಲ್ಲ. ಎರಡನೆಯ ಮಾತು ನೋಡಿ! ಮಗಳ ಅಪ್ಪನ ಹೆದರಿಕೆಯ ಬೇರು ಅಲ್ಲೇ ಕಿತ್ತುಹೋಗುತ್ತದೆ. ತಮ್ಮ ತಮ್ಮಲ್ಲೇ ಕೊಟ್ಟು ತರುವಷ್ಟು ಮನೆಗಳು ಸೇರಿದರೆ ಸಾಕು, ಇಡೀ ದೇಶ ಬೇಕಾಗಿರಲಿಲ್ಲ.

ಕಡೂರಿನವಳು

ಇದನ್ನು ಎರಡು ಸಲ ಓದಿದೆ. ಅಂದರೆ ಮೊದಲು ಬಾಯಿ ಬಿಡಬೇಕಾದವರು ಗಂಡಿನ ಕಡೆಯವರು, ಅಲ್ವಾ? ಹೆಣ್ಣಿನ ಅಪ್ಪ "ಸರಳವಾಗಿ ಮಾಡೋಣ" ಅಂದರೆ ಜಿಪುಣತನ ಅಥವಾ ಕೈಲಾಗದವನು ಅಂತ ಅರ್ಥ ಮಾಡುತ್ತಾರೆ. ಅದೇ ಮಾತು ಗಂಡಿನ ಅಮ್ಮ ಹೇಳಿದರೆ ದೊಡ್ಡ ಮನಸ್ಸು ಅನ್ನುತ್ತಾರೆ. ಒಂದೇ ಮಾತು, ಒಬ್ಬರಿಗೆ ದುಬಾರಿ, ಇನ್ನೊಬ್ಬರಿಗೆ ಬಿಟ್ಟಿ. ಬಿಟ್ಟಿ ಇರುವವರೇ ಸುಮ್ಮನಿದ್ದರೆ ಅದು ಅನ್ಯಾಯ. ಗಂಡುಮಕ್ಕಳ ತಂದೆತಾಯಿ ಇಲ್ಲಿ ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ನೀವು ಮೊದಲು ಹೇಳಿ.

ತುಮಕೂರು ಮನಶ್ಶಾಸ್ತ್ರ

ಒಪ್ಪಿದೆ ಅಕ್ಕ. ಮನೆಯ ಸಭೆಯಲ್ಲಿ ಉಪಯೋಗಕ್ಕೆ ಬರುವ ಒಂದು ವಿಷಯ ಸೇರಿಸುತ್ತೇನೆ.

1950ರ ದಶಕದಲ್ಲಿ ಸಾಲೊಮನ್ ಆಶ್ ಮಾಡಿದ ಗೆರೆಗಳ ಪ್ರಯೋಗ ಬಹಳ ಜನ ಕೇಳಿರುತ್ತೀರಿ. ಒಂದು ಗೆರೆ ತೋರಿಸಿ, ಮೂರರಲ್ಲಿ ಯಾವುದು ಅಷ್ಟೇ ಉದ್ದ ಅಂತ ಕೇಳುವುದು. ಮಗುವಿಗೂ ಗೊತ್ತಾಗುತ್ತದೆ. ಆದರೆ ಮೊದಲೇ ಹೇಳಿಟ್ಟ ಉಳಿದವರೆಲ್ಲ ಬೇಕಂತಲೇ ತಪ್ಪು ಹೇಳಿದಾಗ, ಮೂರರಲ್ಲಿ ಒಂದು ಪಾಲು ಸಲ ಇದು ಗೊತ್ತಿಲ್ಲದೆ ಪ್ರಯೋಗಕ್ಕೆ ಬಂದವನೂ ತಪ್ಪನ್ನೇ ಹೇಳಿದ. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ಭಾಗ ಇನ್ನೂ ಮುಖ್ಯ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಹೇಳಿದರೆ ಸಾಕು, ತಪ್ಪು ಮೊದಲಿದ್ದುದರ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಆ ಜೊತೆಗಾರ ನಡುವೆ ಗುಂಪಿನ ಕಡೆಗೆ ಹೊರಳಿದರೆ ತಪ್ಪು ಮತ್ತೆ ಮೊದಲಿನಷ್ಟೇ ಏರಿತು. ಆದರೆ ಏನೋ ಕೆಲಸ ಇದೆ ಅಂತ ಅವನು ಎದ್ದು ಹೋದರೆ ಅಷ್ಟು ಏರಲಿಲ್ಲ. ಕೊಟ್ಟ ಧೈರ್ಯ ಸ್ವಲ್ಪ ಹೊತ್ತು ಉಳಿಯಿತು. ಇನ್ನೊಂದು, ಉತ್ತರವನ್ನು ಗಟ್ಟಿಯಾಗಿ ಹೇಳುವ ಬದಲು ಗುಟ್ಟಾಗಿ ಬರೆದುಕೊಟ್ಟಾಗಲೂ ತಪ್ಪು ಬಹಳ ಕಡಿಮೆ.

ಹಾಗಾಗಿ ಸಭೆಗೆ ಮೊದಲು ನಿಮ್ಮ ದೊಡ್ಡಪ್ಪನ ಜೊತೆ ಕೂತು ಮಾತಾಡಿ. "ನಾನು ಹೇಳಿದ ಕೂಡಲೇ ನೀವು ಹೌದು ಅನ್ನಬೇಕು" ಅಂತ ಮಾತು ತಗೊಳ್ಳಿ. ನಡುವೆ ಜಾರಿಕೊಳ್ಳುವವರನ್ನು ಮಾತ್ರ ಆರಿಸಬೇಡಿ.

ಧಾರವಾಡದಿಂದ

ನಮ್ಮ ಕಡೆ ಆಹೇರಿ ಅಂದರೆ ಸೀರೆ, ಜಂಪರ್ ಪೀಸು, ಟವೆಲ್ಲು. ಕೊಟ್ಟವರಿಗೂ ಬೇಡ, ತಗೊಂಡವರಿಗೂ ಬೇಡ. ಅದೇ ಸೀರೆ ಮನೆಯಿಂದ ಮನೆಗೆ ಹೋಗುತ್ತಿರುತ್ತದೆ. ಈಗ ಕೆಲವರು ಲಗ್ನಪತ್ರಿಕೆಯಲ್ಲೇ "ಉಡುಗೊರೆ ಬೇಡ, ಆಶೀರ್ವಾದ ಸಾಕು" ಅಂತ ಅಚ್ಚು ಹಾಕಿಸುತ್ತಾರೆ. ಮೊದಮೊದಲು ಜನ ನಂಬದೆ ಪಾಕೀಟು ತಂದರು. ಈಗ ಅದನ್ನು ಓದಿ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಪತ್ರಿಕೆಯಲ್ಲಿ ಬಂದರೆ ಎಲ್ಲರಿಗೂ ಒಂದೇ ಸಲ ಗೊತ್ತಾಗುತ್ತದೆ, ಎಲ್ಲರಿಗೂ ಗೊತ್ತಿದೆ ಅಂತಲೂ ಗೊತ್ತಾಗುತ್ತದೆ. ಬಾಯಿಮಾತಿನಲ್ಲಿ ಹೇಳಿದ್ದರೆ ಇಷ್ಟು ನಡೆಯುತ್ತಿರಲಿಲ್ಲ.

ಹಾಸನದ ರೈತ

ಹಾಗಾದರೆ ಒಂದು ಕೇಳುತ್ತೇನೆ. ನಮ್ಮ ಜನಾಂಗದ ಸಂಘದ ವಾರ್ಷಿಕ ಸಭೆ ಹತ್ತಿರ ಬಂತು. ಸುತ್ತಲಿನ ಊರುಗಳಿಂದ, ಹೆಣ್ಣು ಕೊಟ್ಟು ತಂದವರೇ ಬರುತ್ತಾರೆ. ಊರಿಗೆ ಊಟ ಇರಲಿ, ಮುಯ್ಯಿ ಇರಲಿ. ಆರತಕ್ಷತೆ ಮತ್ತು ವರೋಪಚಾರ, ಇವೆರಡನ್ನು ಬಿಡೋಣ ಅಂತ ಪ್ರಸ್ತಾಪ ಇಡಬಹುದು. ಆದರೆ ಕೈಯೆತ್ತಿ ಅಂದರೆ ಯಾರೂ ಎತ್ತುವುದಿಲ್ಲ, ಅದು ಗೊತ್ತು. ಚೀಟಿ ಬರೆಸಿದರೆ?

ತುಮಕೂರು ಮನಶ್ಶಾಸ್ತ್ರ

ಚೀಟಿಯೇ ಸರಿ ಅಣ್ಣ. ಹೆಸರು ಬೇಡ. ಎರಡೇ ಪ್ರಶ್ನೆ ಇರಲಿ. ಒಂದು, ನಿಮ್ಮ ಮನೆ ಮದುವೆಯಲ್ಲಿ ಆರತಕ್ಷತೆ, ವರೋಪಚಾರ ನಿಮಗೆ ಬೇಕಾ? ಎರಡು, ಈ ಸಭೆಯಲ್ಲಿ ನೂರಕ್ಕೆ ಎಷ್ಟು ಜನ ಬೇಕು ಅಂದಿರಬಹುದು? ಅಲ್ಲೇ ಎಲ್ಲರ ಎದುರಿಗೆ ಎಣಿಸಿ, ಎರಡೂ ಉತ್ತರಗಳನ್ನು ಹಲಗೆ ಮೇಲೆ ಬರೆಯಿರಿ. ಬೇಕು ಅನ್ನುವವರೇ ಜಾಸ್ತಿ ಬಂದರೆ ಅದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಎರಡು ಹೆಣ್ಣುಮಕ್ಕಳ ಅಪ್ಪ

ಗಂಡುಮಕ್ಕಳ ಮನೆಯವರ ಚೀಟಿಗೆ ಬೇರೆ ಬಣ್ಣದ ಕಾಗದ ಕೊಡಿ. ಅವರ ಲೆಕ್ಕ ಬೇರೆಯಾಗಿ ಹೇಳಬೇಕು. ನನಗೆ ಕೇಳಬೇಕಾಗಿರುವುದು ಅವರ ಉತ್ತರ.

ಹಾಸನದ ರೈತ

ಆಯಿತು, ಹಳದಿ ಕಾಗದ ತರಿಸುತ್ತೇನೆ. ಗಂಡು ಹೆಣ್ಣು ಎರಡೂ ಇರುವ ಮನೆಯವರಿಗೆ ಎರಡೂ ಚೀಟಿ ಕೊಡಬೇಕಾ, ಒಂದೇ ಸಾಕಾ?

ಸಮಾಜಶಾಸ್ತ್ರ ಮೇಷ್ಟ್ರು

ಎರಡೂ ಕೊಡಿ. ಅಪ್ಪನಿಗೆ ಒಂದು, ಅಮ್ಮನಿಗೆ ಒಂದು ಅಂತ ಬೇರೆ ಬೇರೆಯಾಗಿ ಕೊಡಿ. ಹೆಂಗಸರ ಚೀಟಿಯನ್ನು ಗಂಡಸರು ತುಂಬಿಕೊಡದ ಹಾಗೆ ನೋಡಿಕೊಳ್ಳಿ. ಅಂದಾಜಿನ ಪ್ರಶ್ನೆ ಮೊದಲು ಬೇಡ, ಅದು ಎರಡನೆಯದಾಗಿಯೇ ಇರಲಿ.